ಶುಕ್ರವಾರದ ನೇರಳೆ ಉಂಗುರ

ಟೆಸ್ಟ್ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ನೀರು. ಅದಕ್ಕೆ ನಾಲ್ಕೈದು ಹನಿ ಆಲ್ಫಾ ನ್ಯಾಫ್ಥಾಲ್. ಆಮೇಲೆ ಟ್ಯೂಬನ್ನು ಓರೆಯಾಗಿ ಹಿಡಿದು ಗಾಜಿನ ಗುಂಟ ನಿಧಾನವಾಗಿ ಗಂಧಕಾಮ್ಲ ಇಳಿಸಬೇಕು. ಅವಸರ ಮಾಡಿದರೆ ಕೈ ಸುಡುತ್ತದೆ. ಆಮ್ಲ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ, ನೀರು ಮೇಲೆ ನಿಲ್ಲುತ್ತದೆ. ನೀರಿನಲ್ಲಿ ಸಕ್ಕರೆ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಚೂರೇ ಚೂರು ಇದ್ದರೂ ಎರಡೂ ಕೂಡುವ ಕಡೆ ನೇರಳೆ ಬಣ್ಣದ ಉಂಗುರ ಮೂಡುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಸಕ್ಕರೆಯನ್ನೂ ಈ ಪರೀಕ್ಷೆ ಹಿಡಿದುಬಿಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಕಂಡರೆ ಹೆದರುವವರು ಯಾರಾದರೂ ಇದ್ದರೆ ಅದು ಬಾಯ್ಲರ್ ನೀರು ನೋಡಿಕೊಳ್ಳುವ ಕೆಮಿಸ್ಟ್. ನಾನು ಆ ಕೆಮಿಸ್ಟ್ ಆಗಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಕಾಲುವೆ ಬದಿಗೆ, ನಮ್ಮದೊಂದು ಸಣ್ಣ ಸಕ್ಕರೆ ಕಾರ್ಖಾನೆ. ಅದರ ಗೋಡೆಗೆ ಗೋಡೆ ಹಚ್ಚಿಕೊಂಡು ಒಂದು ರಟ್ಟಿನ ಕಾರ್ಖಾನೆ. ಮೊದಲು ಇಬ್ಬರಿಗೂ ಮಾತಿರಲಿಲ್ಲ. ಕಬ್ಬಿನ ರಸ ಕಾಯಿಸುವಾಗ ಏಳುವ ಆವಿ ತಣಿದು ನೀರಾಗುತ್ತದಲ್ಲ, ಆ ಬಿಸಿನೀರಿನಲ್ಲಿ ನಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊಗೆಯಾಡುತ್ತಲೇ ಕಾಲುವೆಗೆ ಬಿಡುತ್ತಿದ್ದೆವು. ರಟ್ಟಿನವರು ಅದೇ ಕಾಲುವೆಯಿಂದ ತಣ್ಣೀರು ಎತ್ತಿ, ಹೊಟ್ಟು ಸುಟ್ಟು, ಕಾಯಿಸುತ್ತಿದ್ದರು. ಕೆಳಗಿನ ಬುಕ್ಕಸಾಗರದ ರೈತರು ಸತ್ತ ಮೀನು ಬುಟ್ಟಿಯಲ್ಲಿ ತಂದು ನಮ್ಮ ಗೇಟಿನ ಮುಂದೆ ಸುರಿದ ಮೇಲೆ ಎರಡೂ ಕಡೆಯವರು ಮೊದಲ ಬಾರಿ ಒಂದೇ ಮೇಜಿನ ಮುಂದೆ ಕೂತರು. ರಟ್ಟಿನ ಮಾಲೀಕರು ಸರಕು ಕಳಿಸಲು ಬಂದರಿನ ಊರಿಗೆ ಹೋಗಿಬರುವವರು. ಅಲ್ಲಿ ಬಂದರಿನ ಪಕ್ಕ ಎರಡು ಕಾರ್ಖಾನೆಗಳ ನಡುವೆ ಗೋಡೆ ದಾಟಿ ಪೈಪು ಹೋಗಿದ್ದನ್ನು ನೋಡಿ ಬಂದಿದ್ದರು. "ಒಬ್ರು ಚೆಲ್ಲಿದ್ದು ಇನ್ನೊಬ್ರು ಬಳಸ್ತಾರ್ರಿ ಅಲ್ಲಿ. ನಾವೇನು ದಡ್ರಾ?" ಅಂದರು.

ಹಾಗೆ ಪೈಪು ಬಂತು. ನಮ್ಮ ಹೆಚ್ಚಿನ ಬಿಸಿನೀರು ಅವರ ಬಾಯ್ಲರಿಗೆ, ನಮ್ಮ ಕಬ್ಬಿನ ಸಿಪ್ಪೆ ಅವರ ರಟ್ಟಿಗೆ. ಕಂಪ್ಲಿಯ ಅಕ್ಕಿ ಗಿರಣಿಯ ಹೊಟ್ಟು ಅವರ ಒಲೆಗೆ, ಆ ಒಲೆಯ ಬೂದಿ ಇಟ್ಟಿಗೆ ಭಟ್ಟಿಗೆ. ಕಾಲುವೆಗೆ ಬಿಸಿನೀರು ಬೀಳುವುದು ನಿಂತಿತು, ಬುಕ್ಕಸಾಗರದವರೂ ಸುಮ್ಮನಾದರು. ಒಂದೇ ಒಂದು ಷರತ್ತು: ನಮ್ಮಿಂದ ಹೋಗುವ ನೀರಿನಲ್ಲಿ ಸಕ್ಕರೆ ಇರಬಾರದು. ಸಕ್ಕರೆ ಬಾಯ್ಲರಿನೊಳಗೆ ಹೋದರೆ ಆ ಬಿಸಿಗೆ ಒಡೆದು ಆಮ್ಲವಾಗುತ್ತದೆ, ಕೊಳವೆ ತಿನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ನೊರೆ. ನೊರೆ ಎದ್ದರೆ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜು ಸುಳ್ಳು ಹೇಳುತ್ತದೆ. ನೀರಿಲ್ಲದ ಬಾಯ್ಲರಿನ ಕೆಳಗೆ ಬೆಂಕಿ ಉರಿಯುತ್ತಿದ್ದರೆ ಮುಂದೇನು ಎಂದು ಹೇಳಬೇಕಾಗಿಲ್ಲ. ಅದಕ್ಕೇ ಅರ್ಧ ಗಂಟೆಗೊಮ್ಮೆ ಪರೀಕ್ಷೆ, ಪ್ರತಿ ಸಲವೂ ಲಾಗ್ ಬುಕ್ಕಿನಲ್ಲಿ ಒಂದು ಗೆರೆ. ಸಕ್ಕರೆ ಇಲ್ಲದಿದ್ದರೆ 'ನಿಲ್'.

ಆ ವರ್ಷ ಕಬ್ಬಿನ ಹಂಗಾಮು ಮುಗಿಯುವ ಮೊದಲೇ ದುರಸ್ತಿಗೆಂದು ಕಾಲುವೆ ಬಂದ್ ಮಾಡಿದರು. ತಳದ ಕೆಸರು ಒಣಗಿ ಬಿರುಕು ಬಿಟ್ಟಿತು. ರಟ್ಟಿನವರಿಗೆ ಬಾಯ್ಲರ್ ನಡೆಸಲು ನಮ್ಮ ಪೈಪಿನ ನೀರು ಬಿಟ್ಟರೆ ಬೇರೆ ನೀರಿರಲಿಲ್ಲ. ಅಂಥ ದಿನಗಳಲ್ಲೇ ಒಂದು ಶುಕ್ರವಾರ ಬೆಳಿಗ್ಗೆ ರಟ್ಟಿನ ಮಾಲೀಕರು ನನ್ನ ಲ್ಯಾಬಿಗೆ ಬಂದು ಟೆಸ್ಟ್ ಟ್ಯೂಬ್ ನನ್ನ ಮೂಗಿನ ಹತ್ತಿರ ಹಿಡಿದರು. ಆ ಪರೀಕ್ಷೆ ಅವರಿಗೆ ಕಲಿಸಿದವನೂ ನಾನೇ, ಔಷಧದ ಬಾಟಲಿ ಕೊಟ್ಟವನೂ ನಾನೇ. ನಮ್ಮ ಪೈಪಿನಿಂದ ಬಂದ ನೀರು ಬಾಯ್ಲರಿಗೆ ಹೋಗುವ ಮೊದಲು ನಿಲ್ಲುವ ತಮ್ಮ ತೊಟ್ಟಿಯನ್ನು ಅವರು ದಿನಕ್ಕೊಮ್ಮೆ ನೋಡುತ್ತಿದ್ದರು. ಟ್ಯೂಬಿನಲ್ಲಿ ತೆಳ್ಳಗೆ, ಬದನೆ ಹೂವಿನ ಬಣ್ಣದ ಉಂಗುರ.

"ಏನ್ರಿ ಇದು ಕೆಮಿಸ್ಟ್ರ?"

ಲಾಗ್ ಬುಕ್ ತೆಗೆದು ತೋರಿಸಿದೆ. ಆ ದಿನದ್ದು, ಹಿಂದಿನ ದಿನದ್ದು, ಎಲ್ಲ ನಿಲ್. ಅವರೆದುರೇ ನಮ್ಮ ಪೈಪಿನ ನೀರು ಹಿಡಿದು ಪರೀಕ್ಷೆ ಮಾಡಿದೆ. ನಿಲ್. ಅವರು ಪುಸ್ತಕ ಮುಚ್ಚಿ, "ಬರಿಯೋ ಕೈ ನಿಮ್ದು. ಏನು ಬೇಕಾದ್ರೂ ಬರೀಬೌದು" ಅಂದು ಹೊರಟುಹೋದರು.

ನನಗೆ ರೇಗಿತು. ಸಂಡೂರಿನ ಮನೆಯಲ್ಲಿ ನಾವು ಐದು ಮಕ್ಕಳು, ಅದರಲ್ಲಿ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನೊಬ್ಬನೇ ಎಂದು ನಮ್ಮವ್ವ ಹೇಳುತ್ತಿದ್ದಳು. ಸುಳ್ಳು ಬರೆದಿದ್ದೇನೆ ಎಂದರೆ ಹೇಗೆ ತಡೆದುಕೊಳ್ಳಲಿ? ಆ ದಿನ ಮಧ್ಯಾಹ್ನ ಅವರ ತೊಟ್ಟಿಯ ನೀರು ಮತ್ತೆ ನೋಡಿದರೆ ಏನೂ ಇರಲಿಲ್ಲ. ಶನಿವಾರ ಇಲ್ಲ, ಭಾನುವಾರ ಇಲ್ಲ. ಇಡೀ ವಾರ ನಾನು ಊಟ ಬಿಟ್ಟು ಪೈಪಿನ ಗುಂಟ ಓಡಾಡಿದೆ. ಮುಂದಿನ ಶುಕ್ರವಾರ ಬಂತು ನೋಡಿ, ಮತ್ತೆ ಉಂಗುರ. ಶುಕ್ರವಾರವಷ್ಟೇ ಸಕ್ಕರೆ ಸೋರುವ ಪೈಪು ಪ್ರಪಂಚದಲ್ಲಿ ಇದೆಯೇ? ಮಾಲೀಕರು ಪೈಪು ಕಿತ್ತುಬಿಡುತ್ತೇನೆ ಎಂದು ನಮ್ಮ ಮ್ಯಾನೇಜರಿಗೆ ಪತ್ರ ಬರೆದರು. ಮ್ಯಾನೇಜರ್ ನನ್ನನ್ನು ಕರೆಸಿ, "ಇನ್ನೊಂದು ವಾರ ಟೈಮ್ ಕೊಡ್ತೀನಿ" ಅಂದರು.

ಅದರ ಮರುವಾರ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೇ ಅವರ ಅಂಗಳಕ್ಕೆ ಹೋಗಿ ಹೊಟ್ಟಿನ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕಳ್ಳನನ್ನು ಹಿಡಿಯುವ ಹುಮ್ಮಸ್ಸು. ಸ್ವಲ್ಪ ಹೊತ್ತಿಗೆ ಅವರ ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಬಂದರು. ಮೆಟ್ರಿ ಊರಿನವರು, ನನಗಿಂತ ಹದಿನೈದು ವರ್ಷಕ್ಕಾದರೂ ಹಿರಿಯರು. ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿದ್ದರು, ಕೈಯಲ್ಲಿ ತಟ್ಟೆ. ಬಾಯ್ಲರಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದಿಟ್ಟು, ಊದುಬತ್ತಿ ಬೆಳಗಿದರು. ಇದು ಎಲ್ಲ ಕಾರ್ಖಾನೆಯಲ್ಲೂ ನಡೆಯುವುದೇ. ಆಮೇಲೆ ತಟ್ಟೆ ಹಿಡಿದು ಏಣಿ ಹತ್ತಿ ನೀರಿನ ತೊಟ್ಟಿಯ ಮುಚ್ಚಳ ಸರಿಸಿದರು. ಒಂದು ಹಿಡಿ ಅಕ್ಕಿ, ಅಂಗೈಯಗಲದ ಬೆಲ್ಲದ ಚೂರು. ಎರಡನ್ನೂ ನೀರಿಗೆ ಬಿಟ್ಟು ಕೈಮುಗಿದರು.

"ಏನಲೇ ಮಾಡ್ತಿದ್ದಿ ಅಲ್ಲಿ?" ಎಂದು ಕಿರುಚಿದೆ.

ಹೌದು, ಲೇ ಅಂದೆ. ಪಾಳಿ ಬದಲಾಗುವ ಹೊತ್ತು, ಜನ ಸೇರಿಬಿಟ್ಟರು. ಅವರು ಏಣಿ ಇಳಿದು ಬಂದು ತಟ್ಟೆ ಎದೆಗೆ ಒತ್ತಿ ಹಿಡಿದು ನಿಂತರು.

"ಗಂಗವ್ವಗ ಎಡಿ ಕೊಟ್ಟೀನ್ರಿ ಸಾಹೇಬ್ರ. ನಮ್ಮೂರಾಗ ಕಾಲುವಿಗೆ ನೀರು ಬಿಟ್ಟ ದಿನ ಅಕ್ಕಿ ಬೆಲ್ಲ ಬಿಡ್ತೀವಿ. ಈಗ ಕಾಲುವಿ ಒಣಗೇತಿ. ಆಕಿ ನಿಮ್ಮ ಪೈಪಿನಾಗ ಬರಾಕತ್ತಾಳ. ಇಲ್ಲಿ ಕೊಡದ ಎಲ್ಲಿ ಕೊಡ್ಲಿ?"

"ಎಷ್ಟು ವಾರದಿಂದ?"

"ಕಾಲುವಿ ಬಂದ್ ಆದಾಗಿಂದ್ರಿ. ಹಾಕೀನಿ. ಸುಳ್ಳ್ಯಾಕ ಹೇಳ್ಲಿ."

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನನ್ನ ಮಾನ ಉಳಿಯಿತಲ್ಲ ಎಂಬ ಖುಷಿಯಲ್ಲಿ ಆ ಮನುಷ್ಯನ ಮುಖ ಹೇಗಾಯಿತು ಎಂದು ನೋಡುವ ವ್ಯವಧಾನ ಇರಲಿಲ್ಲ. ಅದೇ ದಿನ ಎರಡೂ ಕಾರ್ಖಾನೆಗೆ ಪತ್ರ ಬರೆದೆ: ತೊಟ್ಟಿಯಲ್ಲಿ ಕಂಡ ಸಕ್ಕರೆಗೆ ಕಾರಣ ಫೈರ್‌ಮನ್ ಹಾಕಿದ ಬೆಲ್ಲ, ನಮ್ಮ ನೀರಿನಲ್ಲಿ ದೋಷವಿಲ್ಲ. ಮಾಲೀಕರು ನನ್ನ ಕೈ ಹಿಡಿದು ಕ್ಷಮೆ ಕೇಳಿದರು. ತೊಟ್ಟಿಯ ಮುಚ್ಚಳಕ್ಕೆ ಬೀಗ ಬಿತ್ತು, ಆದರೆ ಬೀಗದ ಕೈ ಫೈರ್‌ಮನ್ ಹತ್ತಿರವೇ ಇತ್ತು, ಯಾಕೆಂದರೆ ತೊಟ್ಟಿ ನೋಡಿಕೊಳ್ಳುವವರು ಅವರೇ.

ಆ ಗೆಲುವಿನ ಅಮಲಿನಲ್ಲಿ ನಾನು ಮಾಡಿದ ಇನ್ನೊಂದು ಕೆಲಸ ಹೇಳಿಬಿಡುತ್ತೇನೆ. ಅರ್ಧ ಗಂಟೆಗೊಮ್ಮೆ ಇದ್ದ ಪರೀಕ್ಷೆಯನ್ನು ಎರಡು ಗಂಟೆಗೊಮ್ಮೆ ಮಾಡಿಸಿದೆ. ನಮ್ಮ ನೀರು ಶುದ್ಧ ಎಂದು ಸಾಬೀತಾಗಿದೆ, ಸುಮ್ಮನೆ ಔಷಧ ಯಾಕೆ ಖರ್ಚು ಎಂದು ಲ್ಯಾಬಿನ ಸಹಾಯಕನಿಗೆ ಹೇಳಿದೆ. ಅವನು, "ಆತು ಬಿಡ್ರಿ ಸರ್" ಅಂದ.

ನಾಲ್ಕನೆಯ ಶುಕ್ರವಾರ. ಹಂಗಾಮು ಕೊನೆಗೆ ಬಂದಿತ್ತು. ನಮ್ಮ ಗೇಟಿನಿಂದ ಆಚೆ ಕಾಲುವೆ ಸೇತುವೆ ದಾಟಿ ಕಬ್ಬಿನ ಗಾಡಿಗಳ ಸಾಲು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ಮ್ಯಾನೇಜರ್ ಬೆಳಿಗ್ಗೆಯೇ ಗಾಣದ ವೇಗ ಹೆಚ್ಚಿಸಿದ್ದರು. ನಾನು ಲ್ಯಾಬಿನಲ್ಲಿದ್ದೆ. ಹನ್ನೊಂದರ ಸುಮಾರಿಗೆ ಫೈರ್‌ಮನ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಾಟಲಿ. ಅವರು ನಮ್ಮ ಕಡೆ ಬಂದದ್ದು ಅದೇ ಮೊದಲು.

"ಸಾಹೇಬ್ರ, ಬಾಯ್ಲರ್‌ನಾಗ ಪಾಕ ಸುಟ್ಟಂಗ ವಾಸ್ನಿ ಬರಾಕತ್ತೈತಿ. ತೊಟ್ಟಿ ನೀರು ತಂದೀನಿ. ಜರಾ ನೋಡ್ರಿ."

ಪರೀಕ್ಷೆ ಮಾಡಿದೆ. ಆಮ್ಲ ತಳ ಮುಟ್ಟುವ ಮೊದಲೇ ಉಂಗುರ ಮೂಡಿತು.

"ಮತ್ತೆ ಹಾಕಿದ್ಯಾ?"

"ಇಲ್ರಿ."

"ಇವತ್ತು ಯಾವ ವಾರ?"

"ಶುಕ್ರವಾರ. ಆದ್ರ ನಾ ಹಾಕಿಲ್ರಿ. ನಮ್ಮವ್ವನಾಣಿ."

"ಬೀಗದ ಕೈ ಯಾರ ಹತ್ರ ಐತಿ?"

ಅವರು ಉಡಿಯಿಂದ ಬೀಗದ ಕೈ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ತಿರುಗಿ ಕಟ್ಟಿಕೊಂಡರು. "ಬಾಯ್ಲರ್ ಬಿಟ್ಟು ಬಂದೀನ್ರಿ. ಹೋಗ್ತೀನಿ" ಅಂದು ಹೊರಟರು. ನಾನು ಲಾಗ್ ಬುಕ್ಕಿನಲ್ಲಿ ಬರೆದೆ: 'ರಟ್ಟಿನ ತೊಟ್ಟಿ, ಸಕ್ಕರೆ ಇದೆ. ಕಾರಣ: ಬೆಲ್ಲ.' ಸಹಾಯಕ ಇಣುಕಿ ನೋಡಿ ನಕ್ಕ. ನಾನು ಬೇರೆ ಕೆಲಸಕ್ಕೆ ಕೂತೆ.

ಕೂತೆ, ಆದರೆ ಕೆಲಸ ಸಾಗಲಿಲ್ಲ. ಟ್ಯೂಬು ಸ್ಟ್ಯಾಂಡಿನಲ್ಲೇ ಇತ್ತು. ಕಣ್ಣು ಅತ್ತಲೇ ಹೋಗುತ್ತಿತ್ತು. ಮುಕ್ಕಾಲು ಗಂಟೆ ಆಗಿರಬೇಕು, ಆಗ ಒಂದು ವಿಷಯ ತಲೆಗೆ ಹೊಳೆಯಿತು. ಹಿಂದಿನ ಶುಕ್ರವಾರಗಳ ಉಂಗುರ ಬದನೆ ಹೂವಿನ ಬಣ್ಣ, ತೆಳು. ಇದು ನೇರಳೆ ಹಣ್ಣಿನ ಕಪ್ಪು. ಅವರ ತೊಟ್ಟಿ ಹತ್ತು ಸಾವಿರ ಲೀಟರಿನದು. ಅಂಗೈಯಗಲದ ಬೆಲ್ಲಕ್ಕೆ ಆ ತೆಳು ಬಣ್ಣ ಬಂದರೆ ಈ ಕಪ್ಪಿಗೆ ಎಷ್ಟು ಬೆಲ್ಲ ಬೇಕು? ಅಚ್ಚು ಅಚ್ಚಾಗಿ, ಪೆಂಟೆಗಟ್ಟಲೆ ಬೇಕು. ಇಡೀ ಪೆಂಟೆ ಹೊತ್ತು ಏಣಿ ಹತ್ತಿ ಗಂಗವ್ವನಿಗೆ ಎಡೆ ಕೊಡುವವರು ಯಾರು?

ಸಹಾಯಕನನ್ನು ಕೇಳಿದೆ, "ನಮ್ಮ ನೀರು ಕಡೇ ಸಲ ಯಾವಾಗ ನೋಡಿದಿ?"

"ಹತ್ತಕ್ಕ ನೋಡೀನ್ರಿ. ನಿಲ್. ಇನ್ನ ಹನ್ನೆರಡಕ್ಕ ನೋಡ್ಬೇಕು."

ಔಷಧ, ಆಮ್ಲ, ಟ್ಯೂಬು ಎತ್ತಿಕೊಂಡು ಓಡಿದೆ. ನಮ್ಮಲ್ಲಿ ರಸ ಕಾಯಿಸುವ ಪಾತ್ರೆಗಳು ಸಾಲಾಗಿ ನಿಂತಿವೆ. ಮೊದಲನೆಯದನ್ನು ಬಾಯ್ಲರಿನ ಶುದ್ಧ ಆವಿ ಕಾಯಿಸಿ ನೀರಾಗುತ್ತದೆ; ಅದರ ರಸದಿಂದ ಏಳುವ ಆವಿ ಎರಡನೆಯದನ್ನು ಕಾಯಿಸಿ ನೀರಾಗುತ್ತದೆ. ಮೊದಲ ಪಾತ್ರೆಯಿಂದ ಬರುವ ನೀರು ನಮ್ಮ ಸ್ವಂತ ಬಾಯ್ಲರಿಗೆ, ಎರಡನೆಯದರ ನೀರು ಗೋಡೆಯಾಚೆ. ಮೊದಲನೆಯದರ ನೀರು ನೋಡಿದೆ: ನಿಲ್. ಎರಡನೆಯದು ನೋಡಿದೆ. ಕಪ್ಪು ಉಂಗುರ. ಮೇಲೆ ನೋಡಿದರೆ ಮೊದಲ ಪಾತ್ರೆಯ ಗಾಜಿನ ಕಿಟಕಿಯ ತುಂಬ ರಸ ಉಕ್ಕುತ್ತಿತ್ತು. ಗಾಣದ ವೇಗ ಹೆಚ್ಚಿಸಿದ್ದರಿಂದ ರಸ ಮಿತಿಮೀರಿ ಬಂದು, ಕುದಿದು, ಆವಿಯ ಜೊತೆ ತಾನೂ ಹಾರಿ ಹೋಗಿ ನೀರಿಗೆ ಸೇರಿತ್ತು. ನಮ್ಮ ಬಾಯ್ಲರಿಗೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದೆಲ್ಲ ಪಕ್ಕದವರಿಗೆ.

ಆ ಟ್ಯೂಬಿಗೆ ಬೂಚು ಹಾಕಿ ಜೇಬಿಗಿಟ್ಟುಕೊಂಡೆ. ಗೋಡೆಯ ಹತ್ತಿರದ ವಾಲ್ವ್ ಚಕ್ರಕ್ಕೆ ಕೈ ಹಾಕಿದ್ದೆ, ಮ್ಯಾನೇಜರ್ ಬಂದರು. ಸಹಾಯಕ ಹೇಳಿರಬೇಕು.

"ವಾಲ್ವ್ ಮುಚ್ಚಬ್ಯಾಡ್ರಿ. ನೀರು ಎಲ್ಲಿಗೆ ಬಿಡ್ತೀರಿ? ಕಾಲುವೆಗೆ ಬಿಟ್ರ ಬುಕ್ಕಸಾಗರದೋರು ಮತ್ತ ಬರ್ತಾರ. ಗಾಣ ನಿಲ್ಲಿಸಿದ್ರ ಆ ಗಾಡಿಯೋರು ನನ್ನ ಜೀವ ತಿಂತಾರ. ರಸ ಕಮ್ಮಿ ಮಾಡಿಸ್ತೀನಿ, ಅರ್ಧ ಗಂಟೆಯಾಗ ಸರಿಯಾಗ್ತೈತಿ."

"ಅಷ್ಟೊತ್ತಿಗೆ ಅಲ್ಲಿ ಏನಾಗ್ತೈತಿ ಸರ್?"

"ಬೆಲ್ಲ ಅಂತ ಹೆಂಗೂ ಬರೆದೀರಲ್ಲ." ಅವರು ದನಿ ತಗ್ಗಿಸಿದ್ದರು. ಅವರು ಕೆಟ್ಟವರಲ್ಲ. ಹೆದರಿದ್ದರು.

ನಾನು ಬರೆದದ್ದು ನನಗೇ ಉರುಳಾಗಿ ಬಂದಿತ್ತು. ಚಕ್ರ ತಿರುಗಿಸಿದೆ. ಬಹಳ ದಿನ ಮುಟ್ಟದ ವಾಲ್ವ್, ಬಿಗಿಯಾಗಿತ್ತು. ಹೆಗಲು ಕೊಟ್ಟು ತಿರುಗಿಸಿದೆ. ಪೈಪಿನೊಳಗಿನ ಸದ್ದು ನಿಂತ ಮೇಲೆ ಗೋಡೆ ಸುತ್ತಿ ಓಡುವ ತಾಳ್ಮೆ ಇಲ್ಲದೆ ಗೋಡೆಯನ್ನೇ ಹತ್ತಿ ಆಚೆ ಧುಮುಕಿದೆ. ಮಂಡಿ ತರಚಿತು.

ಅವರ ಬಾಯ್ಲರ್ ಮನೆಯೊಳಗೆ ಕಾಲಿಟ್ಟಾಗ ಬೆಲ್ಲದ ಪಾಕ ಸೀದ ವಾಸನೆ ಮೂಗಿಗೆ ಹೊಡೆಯಿತು. ಮಾಲೀಕರು ಅಲ್ಲೇ ಇದ್ದರು. ಫೈರ್‌ಮನ್ ಗೇಜಿನ ಗಾಜಿನ ಮುಂದೆ ನಿಂತಿದ್ದರು. ಗಾಜಿನೊಳಗೆ ಕಂದು ನೊರೆ ಮೇಲಿಂದ ಕೆಳಕ್ಕೆ ಕುಣಿಯುತ್ತಿತ್ತು. ನೀರು ಎಲ್ಲಿದೆ ಎಂದು ದೇವರಿಗೇ ಗೊತ್ತು. ಒಲೆಗೆ ಹೊಟ್ಟು ಹಾಕುವುದನ್ನು ಅವರು ಆಗಲೇ ನಿಲ್ಲಿಸಿದ್ದರು.

"ನೀರು ನಮ್ಮದು," ಎಂದು ಏದುಸಿರಿನಲ್ಲಿ ಹೇಳಿದೆ. "ರಸ ಬಂದೈತಿ. ವಾಲ್ವ್ ಮುಚ್ಚೀನಿ."

ಫೈರ್‌ಮನ್ ನನ್ನ ಕಡೆ ನೋಡಲಿಲ್ಲ. ಮಾಲೀಕರಿಗೆ ಹೇಳಿದರು, "ಸ್ಟೀಮ್ ಬಂದ್ ಮಾಡ್ತೀನ್ರಿ ಧಣಿ. ಸ್ಟೀಮ್ ಎಳಿಯೋದು ನಿಂತ್ರ ನೊರಿ ಕುಂದರ್ತೈತಿ. ಆಗ ಖರೇ ನೀರು ಕಾಣ್ತೈತಿ."

"ಮಿಷನ್ ಮ್ಯಾಲೆ ಹಸಿ ರಟ್ಟು ಐತಲ್ಲೋ. ಎಲ್ಲ ಹಾಳಾಗ್ತೈತಿ. ಪಂಪ್ ಹಚ್ಚು, ನೀರು ಬಿಡು ಮೊದ್ಲು."

"ಕಾಣದ ನೀರು ಬಿಡಂಗಿಲ್ರಿ. ಒಳಗ ಕೊಳವಿ ಬರೀದಾಗಿ ಕೆಂಪಾಗಿದ್ರ, ಅದರ ಮ್ಯಾಲೆ ತಣ್ಣೀರು ಬಿದ್ರ, ಇಲ್ಲಿ ಇದ್ದೋರು ಯಾರೂ ಇರಂಗಿಲ್ಲ."

ಹೇಳುತ್ತಲೇ ಅವರು ಮೇಲಿನ ದೊಡ್ಡ ವಾಲ್ವಿನ ಚಕ್ರ ತಿರುಗಿಸತೊಡಗಿದ್ದರು. ನಿಧಾನ. ಅವಸರ ಮಾಡಿದರೆ ಅದೂ ಅಪಾಯವೇ. ಆಚೆ ರಟ್ಟಿನ ಮಿಷನ್ನಿನ ಸದ್ದು ಕುಗ್ಗುತ್ತಾ ಬಂದು ನಿಂತುಹೋಯಿತು. ಇನ್ನಿಬ್ಬರು ಕೂಲಿಯವರು ಉದ್ದನೆಯ ಸಲಾಕೆಯಿಂದ ಒಲೆಯ ಕೆಂಡ ಹೊರಗೆ ಎಳೆಯುತ್ತಿದ್ದರು. ನಾವು ಮೂವರೂ ಗಾಜಿನ ಮುಂದೆ ನಿಂತೆವು. ಓಡಿಹೋಗಬೇಕು ಎಂದು ನನ್ನ ಕಾಲು ಹೇಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಮನುಷ್ಯ ಅಲುಗದೆ ನಿಂತಿದ್ದರಿಂದ ನಾನೂ ನಿಂತೆ.

ನೊರೆ ಇಳಿಯತೊಡಗಿತು. ಗಾಜಿನ ಅರ್ಧಕ್ಕೆ ಬಂತು, ಕಾಲು ಭಾಗಕ್ಕೆ ಬಂತು, ಇನ್ನೂ ಕೆಳಗೆ. ನೀರಿನ ಗೆರೆ ಮಾತ್ರ ಕಾಣಲಿಲ್ಲ. ಗಾಜಿನ ಕೆಳಗಿನ ಹಿತ್ತಾಳೆ ನಟ್ಟಿನವರೆಗೂ ಬರೀ ನೊರೆ. ಮಾಲೀಕರು ದೇವರ ಹೆಸರು ಹೇಳುತ್ತಿದ್ದರು. ಫೈರ್‌ಮನ್ ಬಗ್ಗಿ ಗಾಜಿಗೆ ಮುಖ ಹತ್ತಿರ ತಂದು ನೋಡಿದರು. ಕೈಯಲ್ಲಿದ್ದ ಟಾರ್ಚ್ ಹಿಂದಿನಿಂದ ಹಿಡಿದರು.

"ಐತ್ರಿ," ಅಂದರು.

ನಟ್ಟಿನ ಮೇಲೆ ಒಂದು ಬೆರಳಿನಷ್ಟು ನೀರು. ಅಷ್ಟೇ ಇತ್ತು, ಸಾಕಾಗಿತ್ತು. ಕುಡಿಯಲು ಕೂಡಿಟ್ಟಿದ್ದ ಇನ್ನೊಂದು ತೊಟ್ಟಿಯ ನೀರನ್ನು ಪಂಪಿಗೆ ಹಚ್ಚಿ ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟರು. ಒಂದಷ್ಟು ಬಿಟ್ಟು, ಕೆಳಗಿನಿಂದ ಅಷ್ಟೇ ಕೊಳೆ ನೀರು ತೆಗೆದು, ಮತ್ತೆ ಬಿಟ್ಟರು. ನಾನು ಆಮ್ಲ ಮುರಿಯಲು ಕಾಸ್ಟಿಕ್ ಸೋಡಾ ತರಿಸಿ ಕಲಸಿ ಕೊಟ್ಟೆ. ಮೂರು ಗಂಟೆಯ ಹೊತ್ತಿಗೆ ಕೆಳಗಿನಿಂದ ಬಂದ ನೀರಿನ ಕಂದು ಬಣ್ಣ ಹೋಯಿತು. ಫೈರ್‌ಮನ್ ಕಟ್ಟೆಯ ಮೇಲೆ ಕೂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಆಗ ಮೊದಲ ಸಲ ನನ್ನ ಕಡೆ ನೋಡಿದರು.

"ಹೋದ ವಾರ ಹಾಕೀನಿ ಅಂದೆ, ನಂಬಿದ್ರಿ. ಈ ವಾರ ಹಾಕಿಲ್ಲ ಅಂದೆ, ನಂಬ್ಲಿಲ್ಲ. ಎರಡೂ ಹೇಳಿದ್ದು ಒಂದಽ ಬಾಯಿ ಅಲ್ಲೇನ್ರಿ?"

ನನಗೆ ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತದೆ.

ಮರುದಿನ ರಟ್ಟಿನ ಕಾರ್ಖಾನೆಯ ಆಫೀಸಿನಲ್ಲಿ ಎರಡೂ ಕಡೆಯವರ ಸಭೆ. ಫೈರ್‌ಮನ್‌ನನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ನೀರು ನಮ್ಮದು ಎಂದು ನಾನು ಬಾಯ್ಲರ್ ಮನೆಯಲ್ಲಿ ಕೂಗಿದ್ದನ್ನು ಗಾಬರಿಯ ಮಾತು ಎಂದು ತಳ್ಳಿಹಾಕಲು ನಮ್ಮ ಮ್ಯಾನೇಜರ್ ತಯಾರಾಗಿಯೇ ಬಂದಿದ್ದರು. ನನ್ನ ಹಳೆಯ ಪತ್ರ ಮೇಜಿನ ಮೇಲಿಟ್ಟರು. ಅದರ ಮೇಲೆ ಲಾಗ್ ಬುಕ್, ಆ ಗೆರೆಯ ಕಡೆ ತೆರೆದಿತ್ತು. ಕಾರಣ: ಬೆಲ್ಲ. ನನ್ನದೇ ಅಕ್ಷರ. ಹತ್ತು ಗಂಟೆಗೆ ನಮ್ಮ ನೀರು ನಿಲ್ ಎಂಬ ಗೆರೆಯೂ ಅದರ ಮೇಲೇ ಇತ್ತು.

"ಇವ್ರು ಒಮ್ಮಿ ಒಪ್ಕೊಂಡಾರ. ಪೂಜಿ ಹುಚ್ಚು. ಬಾಯ್ಲರ್ ಬಿಟ್ಟು ನಮ್ಮ ಲ್ಯಾಬಿಗೂ ಬಂದಿದ್ರು," ಅಂದರು ಮ್ಯಾನೇಜರ್.

ಮಾಲೀಕರು ಬಾಗಿಲ ಕಡೆ ನೋಡಿದರು. ಹಾಳಾದ ಸರಕು ಅಂಗಳದಲ್ಲಿ ಬಿದ್ದಿತ್ತು, ಯಾರದಾದರೂ ತಪ್ಪು ಅವರಿಗೆ ಬೇಕಾಗಿತ್ತು. "ನಾಳೆಯಿಂದ ಬರಬ್ಯಾಡ ನೀನು" ಎಂಬ ಮಾತು ಅವರ ಬಾಯಿಗೆ ಬಂದಾಗಿತ್ತು. ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ, ಬೆಲ್ಲ ಹಾಕಿ ಬಾಯ್ಲರ್ ಕೆಡಿಸಿದವನು ಎಂಬ ಹೆಸರು ಹೊತ್ತು ಹೋದರೆ ಈ ಸೀಮೆಯಲ್ಲಿ ಯಾವ ಬಾಯ್ಲರ್ ಮನೆಯೂ ಅವರನ್ನು ಒಳಗೆ ಬಿಡುತ್ತಿರಲಿಲ್ಲ.

ಜೇಬಿನಿಂದ ಬೂಚು ಹಾಕಿದ ಟ್ಯೂಬು ತೆಗೆದು ಪತ್ರದ ಮೇಲಿಟ್ಟೆ. "ಇದು ನಿನ್ನೆ ನಮ್ಮ ಎರಡನೇ ಪಾತ್ರೆ ನೀರು. ನಾನೇ ಹಿಡಿದದ್ದು." ಉಂಗುರ ಕದಡಿ ಬಣ್ಣ ಮಾಸಿತ್ತು, ಆದರೂ ಕಪ್ಪಗೇ ಇತ್ತು. ಅದು ಎಲ್ಲಿಯದು ಎಂದು ಯಾರಾದರೂ ಕೇಳಬಹುದಿತ್ತು. ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಆದ್ದರಿಂದ ಉಳಿದದ್ದನ್ನೂ ಹೇಳಿದೆ. ಪರೀಕ್ಷೆಯನ್ನು ಎರಡು ಗಂಟೆಗೊಮ್ಮೆ ಮಾಡಿದವನು ನಾನು. ಹನ್ನೊಂದಕ್ಕೆ ಇವರು ಬಾಟಲಿ ತಂದಾಗ ನಮ್ಮ ನೀರು ನೋಡದೆಯೇ ಬೆಲ್ಲ ಅಂತ ಬರೆದವನು ನಾನು. ಮುಕ್ಕಾಲು ಗಂಟೆ ಸುಮ್ಮನೆ ಕೂತವನೂ ನಾನೇ. ಇವರು ಬಾಯ್ಲರ್ ಬಿಟ್ಟು ಬಂದದ್ದು ನನಗೆ ಹೇಳಲಿಕ್ಕೆ. ನಾನು ಕೇಳಿದ್ದರೆ ನಿನ್ನೆಯದು ಯಾವುದೂ ಆಗುತ್ತಿರಲಿಲ್ಲ. ಪೆನ್ನು ತೆಗೆದು ಎಲ್ಲರ ಮುಂದೆ 'ಬೆಲ್ಲ' ಹೊಡೆದುಹಾಕಿ, ಪಕ್ಕದಲ್ಲಿ 'ನಮ್ಮ ರಸ' ಎಂದು ಬರೆದು ಸಹಿ ಹಾಕಿದೆ. 

ಮ್ಯಾನೇಜರ್ ಎದ್ದು ಹೊರಗೆ ಹೋದರು. ಮಾಲೀಕರು ಪೈಪು ಕಿತ್ತುಬಿಡೋಣವೇ ಎಂದು ತಮ್ಮನ್ನೇ ಕೇಳಿಕೊಳ್ಳುವಂತೆ ಕೇಳಿದರು. ಕಿತ್ತರೆ ಅವರ ಕಾರ್ಖಾನೆ ಕಾಲುವೆ ಬರುವವರೆಗೆ ಬಾಗಿಲು ಹಾಕಬೇಕು, ನಮ್ಮ ಬಿಸಿನೀರು ತಿರುಗಿ ಕಾಲುವೆಗೆ ಬೀಳಬೇಕು. ಬಾಗಿಲ ಹತ್ತಿರದಿಂದ ಫೈರ್‌ಮನ್ ಮಾತಾಡಿದರು.

"ಪೈಪು ಏನು ಮಾಡೇತ್ರಿ ಧಣಿ? ಟೆಸ್ಟು ಗ್ವಾಡಿ ಹತ್ರ ಮಾಡ್ರಿ, ನಡುವ. ಅವ್ರು ಒಬ್ರು, ನಮ್ಮೋರು ಒಬ್ರು. ನಂಗ ಕಲಿಸ್ರಿ. ಕಲೀತೀನಿ."

ನನಗೆ ಮೆಮೊ ಬಂತು. ಆ ಹಂಗಾಮು ಮುಗಿಯುವವರೆಗೆ ಲ್ಯಾಬಿನ ಜವಾಬ್ದಾರಿ ಕಿತ್ತುಕೊಂಡು ನನ್ನನ್ನು ಗೋಡೆಯ ವಾಲ್ವಿನ ಹತ್ತಿರ ಹಾಕಿದರು. ಅಲ್ಲಿ ತಗಡಿನ ನೆರಳು ಕಟ್ಟಿ, ಒಂದು ಮೇಜು, ಒಂದೇ ಪುಸ್ತಕ, ಎರಡು ಸಹಿಗೆ ಎರಡು ಗೆರೆ. ಗೋಡೆ ಒಡೆದು ಒಂದು ಸಣ್ಣ ಬಾಗಿಲು ಮಾಡಿದರು. ಅರ್ಧ ಗಂಟೆಗೊಮ್ಮೆ ಪರೀಕ್ಷೆ. ಆ ಮನುಷ್ಯ ಎರಡು ದಿನದಲ್ಲಿ ಕಲಿತರು. ನನಗಿಂತ ನಿಧಾನ, ನನಗಿಂತ ಅಚ್ಚುಕಟ್ಟು. ಆಮ್ಲ ಇಳಿಸುವಾಗ ಅವರ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ಅವರನ್ನು ನೀವು ಎನ್ನುತ್ತಿದ್ದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಆ ಬಾಗಿಲಿನಿಂದ ತಟ್ಟೆ ಹಿಡಿದು ಬಂದರು. ಮೊದಲು ಪರೀಕ್ಷೆ, ನಿಲ್, ಇಬ್ಬರದೂ ಸಹಿ. ಆಮೇಲೆ ಪೈಪಿಗೆ ಕುಂಕುಮ ಇಟ್ಟರು. ಮುತ್ತುಗದ ಎಲೆಯ ಮೇಲೆ ಅಕ್ಕಿ ಬೆಲ್ಲ ಇಟ್ಟು, ಪೈಪಿನ ಕೆಳಗೆ ನೆಲದ ಮೇಲೆ ಎಡೆ ಮಾಡಿ, ಆ ಬೆಲ್ಲ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು.

"ತಿನ್ರಿ. ನಮ್ಮೂರಿನ ಗಾಣದ್ದು. ತಿಂದು ಕೈ ತೊಳ್ಕೊಳ್ರಿ, ಇಲ್ಲಾಂದ್ರ ಮುಂದಿನ ಟೆಸ್ಟಿಗೆ ನಿಮ್ಮ ಕೈಯಾಗಿನ ಬೆಲ್ಲ ನಮ್ಮ ಮ್ಯಾಲೆ ಬರ್ತೈತಿ."

ತಿಂದೆ. ಕೈ ಎರಡು ಸಲ ತೊಳೆದೆ. ಅರ್ಧ ಗಂಟೆಗೆ ಮತ್ತೆ ನೀರು ಹಿಡಿದು ಅವರೇ ಪರೀಕ್ಷೆ ಮಾಡಿದರು, ಟ್ಯೂಬನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. "ನಿಲ್" ಅಂದರು. ನಾನು ಅವರ ಬಾಯಿಂದ ಬಂದದ್ದೇ ಸಾಕೆಂದು, ತಲೆ ಎತ್ತದೆ, ಬರೆಯಲು ಪೆನ್ನು ಹಚ್ಚಿದೆ. ಅವರು ಪುಸ್ತಕದ ಮೇಲೆ ಅಡ್ಡ ಕೈ ಇಟ್ಟರು.

"ಹಂಗ ಬ್ಯಾಡ್ರಿ ಸಾಹೇಬ್ರ. ನೋಡಿ ಬರೀರಿ. ನಂಬಿಕಿ ಬ್ಯಾರೆ, ಬಾಯ್ಲರ್ ಬ್ಯಾರೆ."

ಟ್ಯೂಬು ಇಸಿದುಕೊಂಡು ನೋಡಿದೆ. ನೀರು ತಿಳಿಯಾಗಿತ್ತು. ಬರೆದೆ.